ಖಾಲಿ ಬರಬಾರದ ಡಬ್ಬಿ

ಹ್ಯೂಸ್ಟನ್
ಮಾರ್ಚ್ 17, 2025

ಪ್ರೀತಿಯ ದಾಕ್ಷಾಯಣಿ ಅಕ್ಕ,

ನಿನ್ನ ಡಬ್ಬಿ ಹುಷಾರಾಗಿ ತಲುಪಿತು. ಅದರಲ್ಲಿದ್ದ ಕೋಡುಬಳೆ ಎರಡು ದಿನವೂ ಉಳಿಯಲಿಲ್ಲ. ನನ್ನ ರೂಮಿನವನು ಒಂದೊಂದನ್ನೇ ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡು ತಿಂದ. ನಾಳೆ ನಳಿನಿ ಆಂಟಿ ಇಲ್ಲಿ ಓದುವ ತಮ್ಮ ಮಗಳು ಮಹತಿಯನ್ನು ನೋಡಿಕೊಂಡು ಇರ್ವಿಂಗ್‌ಗೆ ವಾಪಸು ಡ್ರೈವ್ ಮಾಡುತ್ತಾರೆ, ಅವರ ಕೈಲಿ ಡಬ್ಬಿ ಕಳಿಸುತ್ತಿದ್ದೇನೆ. ಕೊಟ್ಟವರಿಗೆ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು ಎಂದು ಹೇಳಿಕೊಟ್ಟವಳು ನೀನು. ನಾವು ಇರ್ವಿಂಗ್ ಬಿಟ್ಟು ರೌಂಡ್ ರಾಕ್‌ಗೆ ಶಿಫ್ಟ್ ಆದಾಗ ನನಗೆ ಹನ್ನೆರಡು ವರ್ಷ. ಹಾಕಲು ಏನೂ ಇಲ್ಲದೆ ಕಾಗದ ಬರೆದು ಹಾಕಿದೆ. ಈಗಲೂ ನನ್ನ ಹತ್ತಿರ ಬೇರೆ ಏನೂ ಇಲ್ಲ.

ಅಕ್ಕ, ಒಂದು ಮಾತು ಕೇಳಬೇಕು.

ಹೋದ ವಾರ ನಾವು ಸೋತೆವು, ಈ ವರ್ಷದ ಬಾಸ್ಕೆಟ್‌ಬಾಲ್ ಆಟ ಮುಗಿಯಿತು. ಮರುದಿನ ಕೋಚ್ ಕರೆದು, ನಾನು ಈ ವರ್ಷವೇ ಡ್ರಾಫ್ಟ್‌ಗೆ ಹೆಸರು ಕೊಡಬಹುದು ಎಂದರು. ದೊಡ್ಡ ತಂಡಗಳವರು ಜೂನ್ ಕೊನೆಯಲ್ಲಿ ಹೊಸಬರ ಹೆಸರು ಕೂಗಿ ಆರಿಸಿಕೊಳ್ಳುತ್ತಾರಲ್ಲ, ಅದು. ಕೂಗಿದರೆ ಕಾಲೇಜು ಅಲ್ಲಿಗೇ ಬಿಟ್ಟ ಹಾಗೆ. ನನ್ನದು ಇನ್ನೂ ಎರಡನೆಯ ವರ್ಷ. ಕೋಚ್ ಲೆಕ್ಕದಲ್ಲಿ ನನ್ನ ಹೆಸರು ಕೊನೆಯ ಕಡೆ ಬರಬಹುದು, ಬರದೆಯೂ ಇರಬಹುದು.

ಅಪ್ಪನಿಗೆ ಹೇಳಿದೆ. "ಡಿಗ್ರಿ ಇಲ್ದೆ ಬಾಲ್ ಹಿಡ್ಕೊಂಡು ಎಲ್ಲಿಗೋ ಹೋಗ್ತೀಯಾ? ಒಂದ್ ಸಲ ಮಂಡಿ ತಿರುಚಿದ್ರೆ ಮುಗೀತು" ಎಂದರು. ಅಮ್ಮ ಫೋನ್ ಕಿತ್ತುಕೊಂಡು, "ಊಟ ಆಯ್ತಾ?" ಎಂದಳು. ಆಯಿತು ಎಂದೆ. ಅಷ್ಟೇ ಮಾತು.

ನಿನಗೆ ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಉಗ್ಗು ಜಾಸ್ತಿಯಾಗುತ್ತದೆ, ನೀನು ನಾಚಿಕೊಂಡು "ಹೂಂ, ಹೂಂ" ಎನ್ನುತ್ತೀಯ, ಇಬ್ಬರೂ ಉಸಿರಾಟ ಕೇಳಿಸಿಕೊಂಡು ಇಡುತ್ತೇವೆ. ನಮಗೆ ಡಬ್ಬಿಯೇ ಸರಿ.

ಓದು ಪರವಾಗಿಲ್ಲ. ಸ್ಟ್ಯಾಟಿಸ್ಟಿಕ್ಸ್, ಹಿಸ್ಟರಿ, ಬಯಾಲಜಿ ಮೂರೂ ನಡೆಯುತ್ತಿವೆ.

ಹೋಗಲೋ, ಇರಲೋ? ನೀನು ಹೇಳಿದ ಹಾಗೆ ಮಾಡುತ್ತೇನೆ.

ನಿನ್ನ
ಸುಮುಖ


ಇರ್ವಿಂಗ್
ಮಾರ್ಚ್ 30, 2025, ಯುಗಾದಿ

ಚಿರಂಜೀವಿ ಸುಮುಖನಿಗೆ,

ಬೇವು ಬೆಲ್ಲ ಇಲ್ಲಿಂದಲೇ ತಿನ್ನಿಸಿದೆ ಎಂದುಕೋ. ಡಬ್ಬಿಯಲ್ಲಿ ಹೋಳಿಗೆ ಇದೆ. ನಿನ್ನ ರೂಮಿನವನಿಗೂ ಎರಡು ಕೊಡು, ಇದನ್ನು ಬೆರಳಿಗೆ ಹಾಕಿಕೊಳ್ಳಲು ಆಗುವುದಿಲ್ಲ.

ನಿನ್ನ ಕಾಗದವನ್ನು ನನಗಿಂತ ಮೊದಲು ನಳಿನಿ ಆಂಟಿ ಓದಿದ್ದರು. ಕೋಡುಬಳೆ ಉಳಿದಿದೆಯೇ ಎಂದು ದಾರಿಯಲ್ಲಿ ಮುಚ್ಚಳ ತೆಗೆದರಂತೆ, ತಾನಾಗಿ ಕಣ್ಣಿಗೆ ಬಿತ್ತಂತೆ. ಎರಡು ಪುಟವೂ ತಾನಾಗಿ ಬಿದ್ದಿರಬೇಕು. ಇವತ್ತು ದೇವಸ್ಥಾನದ ಅಡುಗೆಮನೆಯಲ್ಲಿ ಪುಳಿಯೋಗರೆ ಕಲಸುವಾಗ ಎಲ್ಲರಿಗೂ ನಿನ್ನದೇ ಚಿಂತೆ. ನಮ್ಮ ಮನೆಯವರು, "ಕರೀತಾ ಇದ್ದಾರೆ ಅಂದ್ರೆ ಹೋಗ್ಬೇಕು. ಎಣ್ಣೆ ಕಾದಾಗ್ಲೇ ಬೋಂಡ ಬಿಡ್ಬೇಕು" ಎಂದರು. ನಳಿನಿ ಆಂಟಿ ಬಿಡುತ್ತಾರೆಯೇ? "ಒಳಗೆ ಬೇಯ್ದೆ ಮೇಲಷ್ಟೇ ಕೆಂಪಾದ್ರೆ ಏನ್ರೀ ಪ್ರಯೋಜನ, ಗೋವಿಂದರಾಜು?" ಎಂದರು. "ನನ್ನ ಬೋಂಡ ಯಾವತ್ತು ಒಳಗೆ ಹಸಿ ಇತ್ತು, ಹೇಳಿ" ಎಂದು ಇವರಿಗೆ ಕೋಪ ಬಂತು. ಆಮೇಲೆ ಬೋಂಡದ ಜಗಳವೇ ಆಯಿತು, ನೀನು ಮರೆತುಹೋದೆ.

ನನ್ನನ್ನು ಏನು ಕೇಳುತ್ತೀಯೋ ಪುಟ್ಟ? ಲೆಕ್ಕ ಬರಲಿಲ್ಲ ಎಂದು ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಹತ್ತೊಂಬತ್ತಕ್ಕೆ ಮದುವೆಯಾಗಿ ಈ ಊರಿಗೆ ಬಂದಾಗ ಎಲ್ಲರೂ ಆಂಟಿ ಆಂಟಿ ಎಂದು ಅಳು ಬರಿಸಿದರು. ಎದುರುಮನೆಯ ಎಂಟು ವರ್ಷದ ನೀನೊಬ್ಬನೇ ಅಕ್ಕ ಎಂದವನು. ಲಾಂಡ್ರಿ ರೂಮಿನಲ್ಲಿ ಟವಲ್ ಉಂಡೆ ಮಾಡಿ ಬಟ್ಟೆಬುಟ್ಟಿಗೆ ಎಸೆಯುತ್ತಾ ನಾವು ಕಲಿತದ್ದು ನೆನಪಿದೆಯೇ? ಒಂದು ಎಸೆತಕ್ಕೆ ಒಂದು ಅಕ್ಷರ. ಬಾಯಿಬಿಟ್ಟರೆ ಸಿಕ್ಕಿಕೊಳ್ಳುತ್ತಿದ್ದ ನೀನು ಟವಲ್ ಕೈಬಿಡುವಾಗ ಮಾತ್ರ ಕ, ಖ, ಗ ಎಂದು ಗಂಟೆ ಹೊಡೆದ ಹಾಗೆ ಹೇಳುತ್ತಿದ್ದೆ. ಅಷ್ಟು ಬಿಟ್ಟರೆ ನನಗೆ ಬಾಸ್ಕೆಟ್‌ಬಾಲ್ ಗೊತ್ತಿಲ್ಲ.

ಇನ್ನೊಂದು ವಿಷಯ. ಜನವರಿಯ ಕಾಗದದಲ್ಲಿ ನಾಲ್ಕು ವಿಷಯ ಓದುತ್ತಿದ್ದೇನೆ ಎಂದು ಬರೆದಿದ್ದೆ. ಈಗ ಮೂರು ಬರೆದಿದ್ದೀಯ. ನಾಲ್ಕನೆಯದು ಎಲ್ಲಿ ಹೋಯಿತು?

ನಿನ್ನ ಅಕ್ಕ
ದಾಕ್ಷಾಯಣಿ


ಹ್ಯೂಸ್ಟನ್
ಏಪ್ರಿಲ್ 14, 2025

ಅಕ್ಕ,

ಹೋಳಿಗೆ ಚೆನ್ನಾಗಿತ್ತು.

ನಾನು ಹೋಗಲೋ ಇರಲೋ ಎಂದು ಕೇಳಿದ್ದಕ್ಕೆ ನೀನು ಬೋಂಡದ ಕಥೆ ಬರೆದೆ. ನಾಲ್ಕನೆಯ ವಿಷಯ ಈಗ ಇಲ್ಲ, ಬಿಟ್ಟೆ. ಅದು ದೊಡ್ಡ ವಿಷಯವಲ್ಲ.

ಡ್ರಾಫ್ಟ್‌ಗೆ ಹೆಸರು ಕೊಟ್ಟೆ. ಅಪ್ಪ ಮೂರು ದಿನದಿಂದ ಫೋನ್ ಮಾಡಿಲ್ಲ. ಅಮ್ಮ ಮಾಡಿ ಊಟ ಆಯಿತೇ ಎಂದು ಕೇಳುತ್ತಾಳೆ, ಹಿಂದೆ ಅಪ್ಪ ಕೆಮ್ಮುವುದು ಕೇಳಿಸುತ್ತದೆ.

ಆದರೆ ಇನ್ನೂ ಬಾಗಿಲು ಮುಚ್ಚಿಲ್ಲ. ಮೇ ಇಪ್ಪತ್ತೆಂಟರ ಒಳಗೆ ಹೆಸರು ಹಿಂದಕ್ಕೆ ಪಡೆದರೆ ಕಾಲೇಜಿನಲ್ಲಿ ಮತ್ತೆ ಆಡಬಹುದು. ಆ ದಿನ ದಾಟಿದರೆ ಆಗುವುದಿಲ್ಲ. ಅಷ್ಟರಲ್ಲಿ ತಂಡಗಳು ಕರೆದು ಆಡಿಸಿ ನೋಡುತ್ತವೆ. ನಿಮ್ಮ ಪಕ್ಕದ ಡ್ಯಾಲಸ್‌ಗೆ ಕರೆದರೆ ಆಟ ಮುಗಿಸಿ ನೇರ ನಿಮ್ಮ ಮನೆಗೆ ಬರುತ್ತೇನೆ. ಬಿಸಿಬೇಳೆಬಾತ್ ಮಾಡಿಡು. ಭಾವನಿಗೆ ಬೋಂಡವನ್ನೂ ಮಾಡಲು ಹೇಳು, ಒಳಗೆ ಹಸಿ ಇದೆಯೋ ಇಲ್ಲವೋ ನಾನೇ ನೋಡಿ ಹೇಳುತ್ತೇನೆ.

ಅಪ್ಪ ಬೇಡ ಎನ್ನುತ್ತಾರೆ. ಕೋಚ್ ನಿನ್ನಿಷ್ಟ ಎನ್ನುತ್ತಾರೆ. ನೀನು ಈ ಸಲವಾದರೂ ಹೌದು ಅಥವಾ ಬೇಡ ಎಂದು ಬರೆ.

ಸುಮುಖ


ಇರ್ವಿಂಗ್
ಮೇ 2, 2025

ಪುಟ್ಟ,

ಈ ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಡಬ್ಬಿಯ ತಳದಲ್ಲಿಟ್ಟು, ಮೇಲೆ ಬಟರ್ ಪೇಪರ್ ಹಾಸಿ, ಅದರ ಮೇಲೆ ಚಟ್ನಿಪುಡಿ ತುಂಬುತ್ತಿದ್ದೇನೆ. ನಳಿನಿ ಆಂಟಿಯ ಕಣ್ಣಿಗೆ ತಾನಾಗಿ ಬೀಳಬಾರದು. ಅವರು ಕೆಟ್ಟವರಲ್ಲ, ಆದರೆ ಇದು ಅಡುಗೆಮನೆಗೆ ಹೋಗುವ ಮಾತಲ್ಲ. ನೀನು ಚಟ್ನಿಪುಡಿಯನ್ನು ನಾಲ್ಕು ದಿನದಲ್ಲಿ ಮುಗಿಸುವವನು, ಬೇಗ ಸಿಗುತ್ತದೆ.

ನಿನಗೆ ಒಂದು ಸುಳ್ಳು ಹೇಳುತ್ತಾ ಬಂದಿದ್ದೇನೆ. ನಾನು ಶಾಲೆ ಬಿಟ್ಟದ್ದು ಲೆಕ್ಕ ಬರದೆ ಅಲ್ಲ. ಲೆಕ್ಕದಲ್ಲಿ ನಾನೇ ಕ್ಲಾಸಿಗೆ ಮೊದಲು.

ಏಳನೆಯದು ಪಾಸಾದ ಬೇಸಿಗೆಯಲ್ಲಿ ನನ್ನ ತಮ್ಮ ಹುಟ್ಟಿದ. ಅಮ್ಮ ಅರಸೀಕೆರೆಯ ಕೊಬ್ಬರಿ ಮಂಡಿಗೆ ಕೆಲಸಕ್ಕೆ ಹೋಗಬೇಕಿತ್ತು. "ಒಂದೇ ಒಂದು ವರ್ಷ ಮಗೂನ ನೋಡ್ಕೊಳ್ಳೇ, ಮುಂದಿನ ವರ್ಷ ಹೈಸ್ಕೂಲಿಗೆ ಹೋಗುವಂತೆ" ಎಂದಳು. ಎಲ್ಲರೂ ಅಮ್ಮ ಬಿಡಿಸಿದಳು ಎಂದುಕೊಂಡರು. ಪಾಪ, ಅವಳೂ ಹಾಗೇ ಎಂದುಕೊಂಡು ಈಗಲೂ ಅಳುತ್ತಾಳೆ. ನಿಜ ಏನೆಂದರೆ, ಅವಳು ಹೇಳಿದಾಗ ನನಗೆ ಖುಷಿಯಾಯಿತು. ಆ ಹೈಸ್ಕೂಲಿನಲ್ಲಿ ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ದಿನಕ್ಕೊಬ್ಬರು ಮೆಟ್ಟಿಲು ಹತ್ತಿ ನಿಂತು ಎಲ್ಲರ ಮುಂದೆ ಪೇಪರಿನ ಸುದ್ದಿ ಓದಬೇಕಿತ್ತು. ಅದನ್ನು ಕೇಳಿದ ದಿನದಿಂದ ನನಗೆ ಅನ್ನ ಸೇರುತ್ತಿರಲಿಲ್ಲ. ತಮ್ಮ ಒಳ್ಳೆಯ ನೆಪವಾಗಿ ಸಿಕ್ಕಿದ. ಮರುವರ್ಷ ಮೇಷ್ಟ್ರು ಮನೆಗೆ ಬಂದು ಕರೆದರು, ನಾನು ಮಗುವನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ನಮ್ಮ ಮನೆಯವರಿಗೂ.

ಜನವರಿಯಲ್ಲಿ ನೀನು ಬರೆದ ನಾಲ್ಕನೆಯ ವಿಷಯ ನನಗೆ ನೆನಪಿದೆ. ಸ್ಪೀಚ್ ಕ್ಲಾಸ್, ಎದ್ದು ನಿಂತು ಮಾತಾಡುವ ಪಾಠ, ಅದಿಲ್ಲದೆ ಡಿಗ್ರಿ ಕೊಡುವುದಿಲ್ಲವಂತೆ ಎಂದು ಬರೆದು ಪಕ್ಕದಲ್ಲಿ ಅಳುವ ಮುಖ ಬಿಡಿಸಿದ್ದೆ. ಅದನ್ನೇ ಅಲ್ಲವೇ ನೀನು ಬಿಟ್ಟದ್ದು? ಆ ಕ್ಲಾಸಿನಲ್ಲಿ ಏನೋ ಆಗಿದೆ. ಆಮೇಲೆ ಬಂದದ್ದು ಈ ಡ್ರಾಫ್ಟ್.

ನನ್ನ ಊಹೆ ತಪ್ಪಿದ್ದರೆ ನಕ್ಕುಬಿಡು. ಆಟಕ್ಕಾಗಿ ಹೋಗುತ್ತಿದ್ದರೆ ಹೋಗು ಪುಟ್ಟ, ನಾನು ಹೌದು ಎಂದೇ ಬರೆಯುತ್ತೇನೆ. ನಿಮ್ಮಪ್ಪನಿಗೂ ನಾನೇ ಹೇಳುತ್ತೇನೆ, ನಾಚಿಕೆ ಬಿಟ್ಟು. ಆದರೆ ಆ ಕ್ಲಾಸಿನಿಂದ ತಪ್ಪಿಸಿಕೊಳ್ಳಲು ಹೋಗುತ್ತಿದ್ದರೆ ಬೇಡ. ನಾನು ಹಿತ್ತಲಿಗೆ ಹೋದವಳು, ನನಗೀಗ ಮೂವತ್ತೊಂದು ವಯಸ್ಸಾದರೂ ಇನ್ನೂ ಅಲ್ಲೇ ಇದ್ದೇನೆ.

ಓದಿದ ಮೇಲೆ ಒಂದು ಸಾಲು ಬರೆ.

ಅಕ್ಕ


ಇರ್ವಿಂಗ್
ಮೇ 21, 2025

ಸುಮುಖನಿಗೆ,

ಇದನ್ನು ಡಬ್ಬಿ ಇಲ್ಲದೆ ಹ್ಯೂಸ್ಟನ್ ವಿಳಾಸಕ್ಕೆ ಪೋಸ್ಟ್ ಮಾಡುತ್ತಿದ್ದೇನೆ. ಡಬ್ಬಿ ನಿನ್ನ ಹತ್ತಿರವೇ ಇದೆ.

ನಿನ್ನೆ ನೀನು ಡ್ಯಾಲಸ್‌ನಲ್ಲಿ ಆಡಿದೆಯಂತೆ. ಮಹತಿ ಫೋನಿನಲ್ಲಿ ನೋಡಿ ಅವಳಮ್ಮನಿಗೆ ಹೇಳಿದಳು, ಅವರು ಮಧ್ಯಾಹ್ನ ನನಗೆ ಹೇಳಿದರು. ನಾನು ಬಿಸಿಬೇಳೆಬಾತ್ ಮಾಡಿದೆ. ಇವರು ದೇವಸ್ಥಾನದಿಂದ ಬೇಗ ಬಂದು ಬೋಂಡದ ಹಿಟ್ಟು ಕಲಸಿಟ್ಟರು. ಸಂಜೆ ಆಲಿಕಲ್ಲು ಮಳೆ ಬಂತು. ಮಳೆಗೆ ತಡವಾಗಿರಬೇಕು ಎಂದು ಇವರು ಎಣ್ಣೆಯನ್ನು ಎರಡು ಸಲ ಕಾಯಿಸಿ ಇಳಿಸಿದರು. ಆಮೇಲೆ, "ಇರ್ಲಿ ಬಿಡು, ದೊಡ್ಡೋರ ಜೊತೆ ಊಟ ಇರತ್ತೆ" ಎಂದರು.

ನನಗೆ ಗೊತ್ತು, ನನ್ನ ಕಾಗದ ನೋಡಿ ನಿನಗೆ ನೋವಾಗಿದೆ. ಹತ್ತೊಂಬತ್ತು ದಿನವಾಯಿತು, ಒಂದು ಸಾಲು ಬರಲಿಲ್ಲ. ನಾಲ್ಕು ಸಲ ಫೋನ್ ಕೈಗೆತ್ತಿಕೊಂಡು ನಾಲ್ಕು ಸಲವೂ ಇಟ್ಟೆ. ಏನೆಂದು ಮಾತಾಡಲಿ? ನನ್ನ ಹೆದರಿಕೆಯನ್ನು ನಿನ್ನ ತಲೆಗೆ ಕಟ್ಟಿದೆ. ಆರಡಿ ಏಳಿಂಚಿನ ಹುಡುಗನನ್ನು ಸೊಂಟದ ಮೇಲೆ ಎತ್ತಿಕೊಂಡು ಹಿತ್ತಲಿಗೆ ಹೊರಟಂತೆ ಆಯಿತು.

ಬರೆದದ್ದನ್ನೆಲ್ಲ ಮರೆತುಬಿಡು. ಮನೆಗೆ ಬಾರದೆ ಹೋಗಬೇಡ.

ದಾಕ್ಷಾಯಣಿ


ರೌಂಡ್ ರಾಕ್
ಮೇ 24, 2025

ಅಕ್ಕ,

ಹ್ಯೂಸ್ಟನ್ ರೂಮ್ ಖಾಲಿ ಮಾಡಿ ಮನೆಗೆ ಬಂದಿದ್ದೇನೆ. ಮಂಗಳವಾರ ಡ್ಯಾಲಸ್‌ನಲ್ಲಿದ್ದೆ. ನಿಮ್ಮ ಮನೆಗೆ ಬರಲಿಲ್ಲ, ತಪ್ಪಾಯಿತು.

ಏಕೆಂದು ಹೇಳಿಬಿಡುತ್ತೇನೆ. ಈ ತಿಂಗಳ ಮೊದಲಿಗೆ ಡಬ್ಬಿ ಬಂತು. ಮುಚ್ಚಳ ತೆಗೆದೆ, ಚಟ್ನಿಪುಡಿ ಮಾತ್ರ ಇತ್ತು. ಮುಚ್ಚಳದ ಒಳಗೆ ನೋಡಿದೆ, ಚೀಲದಲ್ಲಿ ನೋಡಿದೆ, ಮಹತಿಯನ್ನೂ ಕೇಳಿದೆ. ಎಂಟು ವರ್ಷದಲ್ಲಿ ಕಾಗದವಿಲ್ಲದ ಡಬ್ಬಿ ಅದೇ ಮೊದಲು. ಹೌದು ಅಥವಾ ಬೇಡ ಎಂದು ಕೇಳಿದ್ದಕ್ಕೆ ನೀನು ಏನೂ ಹೇಳದೆ ಕಳಿಸಿದೆ. ಅಪ್ಪ ಫೋನ್ ಮಾಡುವುದನ್ನು ಬಿಟ್ಟರು, ನೀನು ಬರೆಯುವುದನ್ನು ಬಿಟ್ಟೆ. ಇಬ್ಬರದೂ ಒಂದೇ ಎಂದುಕೊಂಡೆ.

ಚಟ್ನಿಪುಡಿಯನ್ನು ಮುಟ್ಟಿಲ್ಲ. ಕೋಪಕ್ಕಲ್ಲ. ಅಲ್ಲ, ಸ್ವಲ್ಪ ಕೋಪಕ್ಕೂ. ಡ್ರಾಫ್ಟ್ ಮುಗಿಯುವವರೆಗೆ ಏನು ತಿನ್ನಬೇಕು ಎಂದು ಟ್ರೈನರ್ ಪಟ್ಟಿ ಕೊಟ್ಟಿದ್ದಾರೆ. ಅದರಲ್ಲಿ ಎಣ್ಣೆ, ಉಪ್ಪು, ಕೊಬ್ಬರಿ ಯಾವುದೂ ಇಲ್ಲ.

ಡ್ಯಾಲಸ್‌ನಲ್ಲಿ ಚೆನ್ನಾಗಿಯೇ ಆಡಿದೆ. ಇನ್ನು ನಾಲ್ಕು ದಿನವಿದೆ. ಅಪ್ಪ ಮನೆಯಲ್ಲಿ ನನ್ನ ಮುಖ ನೋಡದೆ ಓಡಾಡುತ್ತಾರೆ. ನಾನು ಹೋಗುವುದೇ ಸರಿ ಅನ್ನಿಸುತ್ತಿದೆ.

ಇದನ್ನು ಪೋಸ್ಟ್ ಮಾಡುತ್ತೇನೆ. ಸೋಮವಾರ ರಜೆ, ಯಾವಾಗ ಸಿಗುತ್ತದೋ.

ಸುಮುಖ


ರೌಂಡ್ ರಾಕ್
ಮೇ 28, 2025

ಅಕ್ಕ, ಅಕ್ಕ, ಅಕ್ಕ,

ಶನಿವಾರದ ಕಾಗದ ನಿನ್ನ ಕೈಗೆ ಸಿಕ್ಕಿದ್ದರೆ ಹರಿದುಹಾಕು. ಸಿಗದಿದ್ದರೆ ಸಿಕ್ಕ ಮೇಲೆ ಹರಿದುಹಾಕು.

ಇವತ್ತು ಬೆಳಿಗ್ಗೆ ಅಮ್ಮ, "ಯಾರೋ ಇರ್ವಿಂಗ್‌ಗೆ ಹೋಗ್ತಿದ್ದಾರೆ, ದಾಕ್ಷಾಯಣಿ ಡಬ್ಬಿ ಕೊಟ್ಟುಬಿಡೋಣ. ತಿನ್ನದ ಪುಡೀನ ಎಷ್ಟು ದಿನ ಇಟ್ಕೋತೀಯಾ?" ಎಂದು ಡಬ್ಬಿಯನ್ನು ತಗೊಂಡು ಪುಡಿಯನ್ನು ಗಾಜಿನ ಜಾಡಿಗೆ ಬಗ್ಗಿಸಿದಳು. ಬಟರ್ ಪೇಪರ್ ಬಿತ್ತು, ಅದರ ಹಿಂದೆಯೇ ಕವರ್ ಬಿತ್ತು. ನಾನು ಮೇಲೆ ಸ್ನಾನಕ್ಕೆ ಹೋಗಿದ್ದೆ. ಅಪ್ಪ ಅದನ್ನು ಚಟ್ನಿಪುಡಿ ಮಾಡುವ ರೀತಿ ಬರೆದ ಚೀಟಿ ಎಂದುಕೊಂಡು ಕನ್ನಡಕ ಹಾಕಿಕೊಂಡು ಓದಿದರಂತೆ. ಕೋಪ ಮಾಡಿಕೊಳ್ಳಬೇಡ. ನಳಿನಿ ಆಂಟಿಯಿಂದ ಬಚ್ಚಿಟ್ಟದ್ದು ಅಪ್ಪನ ಕೈಗೆ ಸಿಕ್ಕಿತು.

ನಾನು ಕೆಳಗೆ ಬಂದಾಗ ಅಪ್ಪ ಅಡುಗೆಮನೆಯಲ್ಲಿ ನಿಂತೇ ಇದ್ದರು, ಕೈಯೆಲ್ಲ ಚಟ್ನಿಪುಡಿ. ಕಾಗದ ನನಗೆ ಕೊಟ್ಟು, "ಮೊದ್ಲು ಓದು" ಎಂದರು. ಓದಿದೆ. ಆಮೇಲೆ ಅವರು ಬಹಳ ಮೆತ್ತಗೆ, "ಸ್ಪೀಚ್ ಕ್ಲಾಸ್ ವಿಷಯ ನಂಗೆ ಯಾಕೋ ಹೇಳ್ಲಿಲ್ಲ?" ಎಂದರು.

"ಹೇ, ಹೇ, ಹೇಳಕ್ ಬಂದ್ರೆ ತಾನೆ, ಅಪ್ಪಾ?"

ಮೊದಲು ಅಮ್ಮ ನಕ್ಕಳು. ಆಮೇಲೆ ಅಪ್ಪ. ನಕ್ಕೂ ನಕ್ಕೂ ಅಪ್ಪ ಕಣ್ಣು ಒರೆಸಿಕೊಂಡರು, ಕೈಯಲ್ಲಿದ್ದ ಪುಡಿ ಕಣ್ಣಿಗೆ ಹೋಗಿ ದೊಡ್ಡ ರಂಪವಾಯಿತು. ಅಮ್ಮ ಸಿಂಕಿನಲ್ಲಿ ಅವರ ಕಣ್ಣು ತೊಳೆಯುತ್ತಾ, "ಅಂತೂ ಅಪ್ಪ ಮಗ ಮಾತಾಡಿದ್ರಲ್ಲ" ಎಂದಳು.

ನಿನ್ನ ಊಹೆ ಸರಿ. ಫೆಬ್ರವರಿಯಲ್ಲಿ ಮೊದಲ ಭಾಷಣ. ಎರಡು ನಿಮಿಷ ನಮ್ಮ ಬಗ್ಗೆ ಹೇಳಬೇಕು. ನನ್ನ ಹೆಸರಿನ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡೆ. ಯಾರೂ ನಗಲಿಲ್ಲ. ಎಲ್ಲರೂ ಒಳ್ಳೆಯವರ ಹಾಗೆ ಮೇಜು ನೋಡುತ್ತಾ ಕುಳಿತರು, ಅದೇ ಕಷ್ಟವಾದದ್ದು. ಹೊರಗೆ ಬಂದೆ, ಮತ್ತೆ ಆ ಕ್ಲಾಸಿಗೆ ಹೋಗಲಿಲ್ಲ. ಕೋಚ್ ಡ್ರಾಫ್ಟ್ ಎಂದಾಗ ನನಗೆ ಮೊದಲು ಹೊಳೆದದ್ದು ಆಟವಲ್ಲ, ಇನ್ನು ಆ ರೂಮಿಗೆ ಹೋಗಬೇಕಾಗಿಲ್ಲ ಎಂಬುದು.

ಇನ್ನೊಂದನ್ನೂ ಶನಿವಾರ ನಿನಗೆ ಬರೆಯಲಿಲ್ಲ. ಡ್ಯಾಲಸ್‌ನಲ್ಲಿ ಆಟವಾದ ಮೇಲೆ ನಾಲ್ಕು ಜನ ಮೇಜಿನ ಸುತ್ತ ಕುಳಿತು, "ನಿನ್ನ ಬಗ್ಗೆ ಹೇಳು" ಎಂದರು. ಅದೇ ಪ್ರಶ್ನೆ, ಅಕ್ಕ! ಅದೇ ಅಕ್ಷರದಲ್ಲಿ ನಿಂತೆ. ಅವರು ಕಾದರು. ಒಬ್ಬರು ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು. ನಾನು ಅರ್ಧ ಉತ್ತರ ಹೇಳಿ ಎದ್ದೆ. ಹೊರಗೆ ಕಾರಿನಲ್ಲಿ ಕುಳಿತು ಇರ್ವಿಂಗ್ ಕಡೆ ತಿರುಗಬೇಕಿತ್ತು, ಆಲಿಕಲ್ಲು ಬೀಳುತ್ತಿತ್ತು. ನಿನ್ನ ಮುಂದೆ ಬಂದು ನಿಲ್ಲುವ ಧೈರ್ಯ ಬರಲಿಲ್ಲ. ಡಬ್ಬಿಯಲ್ಲಿ ಕಾಗದವಿರಲಿಲ್ಲ ಎನ್ನುವುದು ಆಗ ನನಗೂ ಒಳ್ಳೆಯ ನೆಪವಾಗಿ ಸಿಕ್ಕಿತು.

ಅಪ್ಪ ಕೊನೆಗೆ, "ಹೋಗು ಅಂದ್ರೂ ಸರಿ, ಇರು ಅಂದ್ರೂ ಸರಿ. ನಾನು ಇನ್ನು ಬಾಯಿ ಹಾಕಲ್ಲ" ಎಂದು ಹೊರಗೆ ಹೋಗಿ ಹುಲ್ಲು ಕತ್ತರಿಸಿದರು. ಕತ್ತರಿಸುವಷ್ಟು ಹುಲ್ಲು ಅಲ್ಲಿರಲಿಲ್ಲ.

ನಾನು ಮಧ್ಯಾಹ್ನ ಕೋಚ್‌ಗೆ ಫೋನ್ ಮಾಡಿದೆ. ಮೆಸೇಜ್ ಹಾಕಬಹುದಿತ್ತು, ಫೋನ್ ಮಾಡಿದೆ. ಹೆಸರು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎನ್ನುವ ಒಂದು ವಾಕ್ಯಕ್ಕೆ ಎಷ್ಟು ಹೊತ್ತಾಯಿತೋ. ಅವರು ಕೇಳಿಸಿಕೊಂಡು, ನನ್ನ ಜಾಗಕ್ಕೆ ಇನ್ನೊಬ್ಬ ಹುಡುಗನನ್ನು ಕರೆತಂದಾಗಿದೆ, ಈ ವರ್ಷ ನನಗೆ ಮೊದಲಿಗಿಂತ ಕಡಿಮೆ ಆಟ ಸಿಗಬಹುದು ಎಂದರು. ಮುಂದಿನ ವರ್ಷ ಯಾರೂ ನನ್ನನ್ನು ಕರೆಯದಿರಲೂಬಹುದು. ಸಾಯಂಕಾಲದವರೆಗೆ ಮನಸ್ಸು ಬದಲಾಯಿಸಬಹುದಿತ್ತು, ಗಡಿಯಾರ ನೋಡುತ್ತಾ ಜಾಡಿಯಲ್ಲಿದ್ದ ಚಟ್ನಿಪುಡಿಯನ್ನು ಅನ್ನಕ್ಕೆ ಕಲಸಿ ಮೂರು ತಟ್ಟೆ ತಿಂದೆ.

ನಿನ್ನ ಡಬ್ಬಿಯನ್ನು ಇವತ್ತು ಕೊಟ್ಟು ಕಳಿಸಲಿಲ್ಲ. ನಾನೇ ತಂದುಕೊಡುತ್ತೇನೆ.

ನಿನ್ನ
ಸುಮು


ಇರ್ವಿಂಗ್
ಜೂನ್ 5, 2025

ನನ್ನ ಪುಟ್ಟನಿಗೆ,

ನಿನ್ನ ಎರಡೂ ಕಾಗದ ಒಂದೇ ದಿನ ಬಂದವು. ಇಪ್ಪತ್ತೆಂಟರದನ್ನು ಮೊದಲು ಒಡೆದದ್ದು ದೇವರ ದಯೆ. ಇನ್ನೊಂದನ್ನು ನೀನು ಹೇಳಿದಂತೆ ಹರಿದುಹಾಕಿದೆ, ಓದಿ ಆದ ಮೇಲೆ. ನಾನು ಹ್ಯೂಸ್ಟನ್‌ಗೆ ಹಾಕಿದ್ದು ನಿನಗೆ ಯಾವಾಗಲಾದರೂ ಸಿಕ್ಕೀತು. ಅದನ್ನು ನೀನೂ ಹಾಗೇ ಮಾಡು.

ತಳದಲ್ಲಿ ಇಟ್ಟದ್ದು ನನ್ನ ಬುದ್ಧಿ. ನೀನು ತಿನ್ನದೆ ಇರುತ್ತೀಯ ಎಂದು ನನಗೆ ಕನಸೂ ಬಿದ್ದಿರಲಿಲ್ಲ. ಇವರಿಗೆ ಎಲ್ಲ ಹೇಳಿದೆ, ಮೇಷ್ಟ್ರು ಬಂದದ್ದು, ಹಿತ್ತಲು, ಎಲ್ಲ. ಕೇಳಿಸಿಕೊಂಡು, "ಅದಕ್ಕೇ ಏನೇ ನೀನು ಅಂಗಡೀಲಿ ಬಿಲ್ ಹಾಕೋರ ಹತ್ರ ನನ್ನನ್ನೇ ತಳ್ಳೋದು?" ಎಂದರು. ಹೂಂ ಎಂದೆ.

ಪುಟ್ಟ, ನೀನು ಇಷ್ಟು ಮಾಡಿದ ಮೇಲೆ ನಾನು ಮುಚ್ಚಿಡುವುದು ಸರಿಯಲ್ಲ. ನಿನಗೆ ಬುದ್ಧಿ ಹೇಳಿ ಬರೆದ ದಿನವೂ ಒಂದು ವಿಷಯ ಬಿಟ್ಟಿದ್ದೆ. ಜನವರಿಯಲ್ಲಿ ನಾನು ಇಲ್ಲಿಯ ಲೈಬ್ರರಿಯಲ್ಲಿ ದೊಡ್ಡವರಿಗೆ ನಡೆಸುವ ಕ್ಲಾಸಿಗೆ ಸೇರಿದೆ. ಹೈಸ್ಕೂಲಿಗೆ ಸಮನಾದ ಪರೀಕ್ಷೆಗೆ ಓದಿಸುತ್ತಾರೆ, ಪ್ರತಿ ಮಂಗಳವಾರ. ಪಾಸಾದ ಮೇಲೆ ನಿನಗೆ ಹೇಳಿ ಬೆರಗು ಮಾಡಬೇಕು ಎಂದಿದ್ದೆ. ಮೂರು ಮಂಗಳವಾರ ಹೋದೆ. ಲೆಕ್ಕ ಸುಲಭವಾಗಿತ್ತು. ಮೂರನೆಯ ವಾರ ಟೀಚರ್, ಮುಂದಿನ ಸಲ ಒಬ್ಬೊಬ್ಬರೇ ಎದ್ದು ನಿಂತು ಹೆಸರು ಹೇಳಿ, ಏಕೆ ಓದುತ್ತಿದ್ದೀರಿ ಎಂದು ಹೇಳಬೇಕು ಎಂದರು. ನಾನು ಮತ್ತೆ ಹೋಗಲಿಲ್ಲ. ಎತ್ತಿಕೊಳ್ಳಲು ಮಗುವೂ ಇರಲಿಲ್ಲ, ದೇವಸ್ಥಾನದಲ್ಲಿ ಕೆಲಸ ಜಾಸ್ತಿ ಎಂದು ಇವರಿಗೆ ಹೇಳಿದೆ. ಅದೇ ದೇವಸ್ಥಾನದಲ್ಲಿ ಕೆಲಸ ಮಾಡುವವರಿಗೆ ಹೋಗಿ ಹೇಳಿದೆನಲ್ಲ, ಅವರು ನಂಬಿದಂತೆ ಮಾಡಿದ್ದಾರೆ.

ನಿನ್ನ ಸ್ಪೀಚ್ ಕ್ಲಾಸ್ ಮತ್ತೆ ಯಾವಾಗ?

ಅಕ್ಕ


ರೌಂಡ್ ರಾಕ್
ಜೂನ್ 16, 2025

ಅಕ್ಕ,

ಕ್ಲಾಸ್ ಬೇಸಿಗೆಯಲ್ಲೇ ಇದೆ, ಆನ್‌ಲೈನ್. ಸೇರಿದೆ. ಮನೆಯಲ್ಲೇ ಕುಳಿತು ಮುಗಿಸಬಹುದು ಎಂದು ಖುಷಿಯಾಗಿದ್ದೆ. ನಿನ್ನೆ ನಿಯಮಗಳನ್ನು ಓದಿದರೆ, ಕೊನೆಯ ಭಾಷಣವನ್ನು ಕಡಿಮೆ ಎಂದರೆ ಆರು ಜನ ದೊಡ್ಡವರ ಮುಂದೆ ನಿಂತು ಮಾಡಿ ವಿಡಿಯೊ ಕಳಿಸಬೇಕು. ಆರೂ ಜನರ ತಲೆ ವಿಡಿಯೊದಲ್ಲಿ ಕಾಣಬೇಕು. ಆರು ನಿಮಿಷ, ಇಂಗ್ಲಿಷಿನಲ್ಲಿ.

ಅಪ್ಪ, ಅಮ್ಮ ಎರಡು ತಲೆ. ಇನ್ನು ನಾಲ್ಕು ಬೇಕು. ಜುಲೈ ಹದಿಮೂರು ಭಾನುವಾರ ನಿಮ್ಮ ಹಾಲ್‌ನಲ್ಲಿ ಮಾಡಲೇ? ನೀನು, ಭಾವ, ನಳಿನಿ ಆಂಟಿ, ಇನ್ನೊಬ್ಬರು ಯಾರಾದರೂ. ನನಗೆ ನೂರು ಸಲ ಉಗ್ಗು ಬರುತ್ತದೆ. ಯಾರೂ ಮೇಜು ನೋಡಬಾರದು ಎಂದು ಅವರಿಗೆಲ್ಲ ಹೇಳಿಡು. ನನ್ನನ್ನೇ ನೋಡಬೇಕು.

ಲೈಬ್ರರಿಯ ಟೀಚರ್ ಬೇಸಿಗೆಯಲ್ಲೂ ಕ್ಲಾಸ್ ನಡೆಸುತ್ತಾರೆಯೇ ಎಂದು ನಾನು ನೋಡಿದೆ. ನಡೆಸುತ್ತಾರೆ, ಮಂಗಳವಾರವೇ. ಸುಮ್ಮನೆ ಬರೆದೆ.

ಸುಮು


ಇರ್ವಿಂಗ್
ಜುಲೈ 16, 2025

ಪ್ರೀತಿಯ ಸುಮು,

ಭಾನುವಾರ ನೀವೆಲ್ಲ ಹೊರಟ ಮೇಲೆ ನೋಡಿದರೆ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲಿತ್ತು. ಮುಚ್ಚಳ ತೆಗೆದೆ. ಏನೂ ಇರಲಿಲ್ಲ. ತಳದ ತನಕ ಕೈಹಾಕಿ ನೋಡಿದೆ, ಬೋರಲು ಹಾಕಿ ತಟ್ಟಿಯೂ ನೋಡಿದೆ. ಎಂಟು ವರ್ಷದಲ್ಲಿ ಮೊದಲ ಸಲ ನೀನು ಡಬ್ಬಿಯನ್ನು ಖಾಲಿ ಹಿಂದಿರುಗಿಸಿದ್ದೀಯ. ಆಮೇಲೆ ನೆನಪಾಯಿತು. ಊಟವಾದ ಮೇಲೆ ನೀನು ಹೊರಗೆ ಮೆಟ್ಟಿಲ ಮೇಲೆ ಕುಳಿತು ನನ್ನ ಹತ್ತಿರ ಒಂದು ಗಂಟೆ ಬಾಯಿಬಿಟ್ಟು ಮಾತಾಡಿದ್ದೆ. ಕಾಗದದಲ್ಲಿ ಬರೆಯಲು ಇನ್ನೇನು ಉಳಿದಿತ್ತು?

ನಿನ್ನ ಭಾಷಣ ನನಗೆ ಅರ್ಧ ಅರ್ಥವಾಯಿತು. ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎನ್ನುವುದನ್ನೇ ಹೇಳಿದೆ ಎಂದು ನಿಮ್ಮಮ್ಮ ಪಿಸುಗುಟ್ಟಿದರು. ನಳಿನಿ ಆಂಟಿ ತಮ್ಮ ತಲೆ ವಿಡಿಯೊದಲ್ಲಿ ಕಾಣಬೇಕು ಎಂದು ಮಲ್ಲಿಗೆ ಮುಡಿದು ಬಂದಿದ್ದರು, ಪಕ್ಕದ ಮನೆಯ ಭಾನುಮತಿ ಆಂಟಿಗೆ ಹಿಂದಿನಿಂದ ಏನೂ ಕಾಣಲಿಲ್ಲವಂತೆ. ನಮ್ಮ ಮನೆಯವರು ನೀನು ಸಿಕ್ಕಿಕೊಂಡಾಗಲೆಲ್ಲ ತಾವೇ ಉಸಿರು ಹಿಡಿಯುತ್ತಿದ್ದರು. ಅಷ್ಟು ಉಸಿರು ಹಿಡಿದರೆ ಪ್ರಾಣಕ್ಕೆ ಬಂದೀತು ಎಂದು ನಾನು ತಿವಿದೆ. ಆದರೆ ಯಾರೂ ಮೇಜು ನೋಡಲಿಲ್ಲ.

ನಿನಗೆ ಕಾಣದ ಒಂದು ವಿಷಯ ಹೇಳುತ್ತೇನೆ. ನಾನು ಮುಂದಿನ ಸಾಲಿನಲ್ಲಿ ಮಡಿಲ ಮೇಲೆ ಸೆರಗು ಮುಚ್ಚಿ ಕುಳಿತಿದ್ದೆನಲ್ಲ, ಸೆರಗಿನ ಕೆಳಗೆ ಒಂದು ಟವಲ್ ಉಂಡೆ ಇತ್ತು. ನೀನು ತೀರ ಸಿಕ್ಕಿಕೊಂಡರೆ ಎಸೆಯಬೇಕು ಎಂದಿದ್ದೆ. ಹಿಡಿದು, ತಿರುಗಿ ಎಸೆಯುವಾಗ ಮಾತು ಬರುತ್ತದೆ ಎಂದು. ನಡುವೆ ಒಂದು ಕಡೆ ನೀನು ಬಹಳ ಹೊತ್ತು ನಿಂತೆ. ನನ್ನ ಕೈ ಉಂಡೆಯ ಮೇಲೆ ಹೋಯಿತು. ನೀನು ನನ್ನನ್ನೇ ನೋಡುತ್ತಿದ್ದೆ, ಅವಸರ ಮಾಡಲಿಲ್ಲ. ಆಮೇಲೆ ಮಾತು ತಾನಾಗಿ ಬಂತು. ಉಂಡೆ ನನ್ನ ಮಡಿಲಲ್ಲೇ ಉಳಿಯಿತು.

ನಿನ್ನೆ ಮಂಗಳವಾರ. ಅದೇ ಉಂಡೆಯನ್ನು ಚೀಲಕ್ಕೆ ಹಾಕಿಕೊಂಡು ಲೈಬ್ರರಿಗೆ ಹೋದೆ. ಬಾಗಿಲವರೆಗೆ ಇವರು ಬಂದರು. "ನಾನು ಒಳಗೆ ಬರ್ಲಾ?" ಎಂದರು. ಬೇಡಿ ಎಂದೆ. ಒಳಗೆ ಹನ್ನೊಂದು ಜನ. ಟೀಚರ್‌ಗೆ ನನ್ನ ಗುರುತು ಸಿಕ್ಕಿತು, ಏನೂ ಕೇಳಲಿಲ್ಲ. ನನ್ನ ಸರದಿ ಬಂದಾಗ ಎದ್ದೆ. ಚೀಲದೊಳಗೆ ಟವಲನ್ನು ಗಟ್ಟಿಯಾಗಿ ಹಿಡಿದುಕೊಂಡು ಹೆಸರು ಹೇಳಿದೆ. ಏಕೆ ಓದುತ್ತೀರಿ ಎಂದಾಗ ಕಲಿತುಕೊಂಡು ಹೋಗಿದ್ದ ಇಂಗ್ಲಿಷ್ ಎಲ್ಲ ಮರೆತುಹೋಯಿತು. "ನನ್ನ ತಮ್ಮ ಓದುತ್ತಿದ್ದಾನೆ, ಅದಕ್ಕೆ" ಎಂದಷ್ಟೇ ಹರಕು ಇಂಗ್ಲಿಷಿನಲ್ಲಿ ಬಂತು. ಯಾವ ತಮ್ಮ ಎಂದು ಅವರು ಕೇಳಲಿಲ್ಲ.

ಆಟ ಶುರುವಾಗುವ ದಿನ ತಿಳಿಸು. ನಿನ್ನನ್ನು ಆಡಿಸದೆ ಬೆಂಚಿನ ಮೇಲೆ ಕೂರಿಸಿದರೂ ಸರಿ, ಹ್ಯೂಸ್ಟನ್‌ಗೆ ಬಂದು ನೋಡುತ್ತೇವೆ. ಬೋಂಡ ತರುತ್ತಾರಂತೆ.

ಖಾಲಿ ಕಳಿಸಬಾರದೆಂದು ಡಬ್ಬಿಗೆ ಕೊಬ್ಬರಿ ಮಿಠಾಯಿ ತುಂಬಿದ್ದೇನೆ. ನಿನ್ನ ಟ್ರೈನರ್‌ಗೂ ಒಂದು ಕೊಡು. ಈ ಸಲ ಕಾಗದವನ್ನು ತಳದಲ್ಲಿಡದೆ ಎಲ್ಲಕ್ಕಿಂತ ಮೇಲೆ ಇಡುತ್ತಿದ್ದೇನೆ.

ನಿನ್ನ ಅಕ್ಕ
ದಾಕ್ಷಾಯಣಿ

ನಳಿನಿ ಆಂಟಿ, ಓದಿ ಆಗಿದ್ದರೆ ಮೊದಲಿದ್ದ ಹಾಗೇ ಮಡಚಿಟ್ಟು ಮುಚ್ಚಳ ಗಟ್ಟಿಯಾಗಿ ಹಾಕಿ. ಮಿಠಾಯಿ ಎರಡು ತಗೊಳ್ಳಿ, ಅದಕ್ಕಿಂತ ಹೆಚ್ಚು ಬೇಡ.